ಅವಕೆಂಪು ಛಾಯಾಗ್ರಹಣವೂ ಕಲಬುರಗಿಯ ಬೇಸಗೆಯೂ

ಇತಿಹಾಸಕಾರರು ಛಾಯಾಚಿತ್ರವನ್ನು ಸಾಕ್ಷಿಯೆಂದು ಅಂಗೀಕರಿಸುವರಾದರೂ, ಆ ಸಾಕ್ಷಿಯು ಯಾವ ನೀರಿನಲ್ಲಿ, ಎಂಥ ಬಿಸಿಲಿನಲ್ಲಿ ಸಿದ್ಧವಾಯಿತೆಂದು ವಿಚಾರಿಸುವುದು ವಿರಳ. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಬೃಹದ್‌ಗ್ರಂಥಕ್ಕೆ ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಚಿತ್ರಗಳನ್ನು ತೆಗೆದರು; ಚಾರಿತ್ರಿಕ ವಿವರಣೆಯನ್ನು ಬರೆದವನು ಸುರಪುರದ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್. ಆ ಕಾಲದ ನೆಗೆಟಿವುಗಳಿಗೆ ನೀಲಿ, ನೇರಿಳೆ ಬೆಳಕಲ್ಲದೆ ಮಿಕ್ಕದ್ದು ಬಹುಮಟ್ಟಿಗೆ ಅಗೋಚರವಾಗಿದ್ದುದರಿಂದ, ಅಂದಿನ ಚಿತ್ರಗಳಲ್ಲಿ ಆಕಾಶವು ಸಾಮಾನ್ಯವಾಗಿ ಬಿಳಿಯ ಹಾಳೆಯಂತೆ ಕಾಣುವುದು. ಅದು ದಖ್ಖನದ ಆಕಾಶದ ಗುಣವಲ್ಲ, ನೆಗೆಟಿವಿನ ಕುರುಡು.

ಅವಕೆಂಪು ಫಿಲ್ಮಿನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಕೆಂಪಿನಾಚೆಗಿನ ಕಿರಣಗಳನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಉಷ್ಣಮಾಪಕದಿಂದ ಗುರುತಿಸಿದನು. 1910ರಲ್ಲಿ ರಾಬರ್ಟ್ ವುಡ್ ಆ ಕಿರಣಗಳಿಂದ ತೆಗೆದ ಭೂದೃಶ್ಯಗಳನ್ನು ಪ್ರಕಟಿಸಿದಾಗ ಗಿಡಮರಗಳು ಹಿಮ ಬಿದ್ದಂತೆ ಬೆಳ್ಳಗೆ, ಆಕಾಶ ಕಪ್ಪಗೆ ತೋರಿದುವು. ಹೊಸ ವರ್ಣಕಗಳ ಶೋಧದಿಂದ 1930ರ ದಶಕದ ಹೊತ್ತಿಗೆ ಇಂಥ ಫಿಲ್ಮು ಮಾರುಕಟ್ಟೆಗೆ ಬಂದಿತು.

ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಅಲ್ಲಿಯ ತೋಟವೊಂದರಲ್ಲಿ ನಾವು ಮೊದಲ ಸುರುಳಿಯನ್ನು ಪರೀಕ್ಷಿಸಿದೆವು. ಎಲೆಗಳು ಬೆಳ್ಳಗಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಯಾವ ಬಣ್ಣದಿಂದ ಆ ಹಣ್ಣಿಗೆ ಹೆಸರು ಬಂದಿತೋ ಆ ಬಣ್ಣವೇ ಚಿತ್ರದಲ್ಲಿ ಇರಲಿಲ್ಲ. ಸಿಪ್ಪೆಯ ಕೆಂಪು ವರ್ಣಕವು ಅವಕೆಂಪು ಕಿರಣವನ್ನು ಹೀರದಾದ್ದರಿಂದ ಕೆಂಪು ಬಾಳೆಯೂ ಸಾಮಾನ್ಯ ಬಾಳೆಯೂ ಒಂದೇ ಆಗಿ ಕಂಡವು.

ಇದೇ ಗುಣವು ಪ್ರಾಚೀನ ಲೇಖಗಳ ಓದಿಗೆ ಉಪಕಾರಿಯಾಗಿದೆ. ಮಸಿಯು ದೀಪದ ಕಾಡಿಗೆಯದಾಗಿದ್ದರೆ ಅದು ಅವಕೆಂಪಿನಲ್ಲಿಯೂ ಕಪ್ಪಾಗಿಯೇ ನಿಲ್ಲುವುದು. ಕಬ್ಬಿಣದ ಲವಣದಿಂದ ಮಾಡಿದ ಮಸಿಯು ಬಹುಪಾಲು ಮಾಯವಾಗುವುದು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಗಳಿಗೆ ತುಂಬುತ್ತಿದ್ದುದು ಕಾಡಿಗೆಯೇ. ಗರಿಯು ಹಳೆಯದಾಗಿ ಕಂದಿದ್ದರೂ ಅವಕೆಂಪಿನಲ್ಲಿ ಅದು ತಿಳಿಯಾಗಿ, ಅಕ್ಷರ ಎದ್ದು ಕಾಣುವುದು. ಮೃತಸಮುದ್ರದ ಚರ್ಮದ ಸುರುಳಿಗಳನ್ನು 1950ರ ದಶಕದಲ್ಲಿ ನಜೀಬ್ ಅಲ್ಬಿನಾ ಜೆರುಸಲೇಮಿನಲ್ಲಿ ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿದನು. ನಮ್ಮ ನಾಡಿನಲ್ಲಿ, ಮಧ್ವಾಚಾರ್ಯರ ಸರ್ವಮೂಲದ ಓಲೆಗಳನ್ನು ಈ ಶತಮಾನದ ಮೊದಲ ದಶಕದಲ್ಲಿ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಮುಕುಂದ್, ಈಸ್ಟನ್ ಮೊದಲಾದವರು ಡಿಜಿಟಲ್ ಕ್ಯಾಮೆರಾಕ್ಕೆ ಅವಕೆಂಪು ಶೋಧಕವನ್ನು ಜೋಡಿಸಿ ಚಿತ್ರಿಸಿದರು. ಅಂಥ ಉಪಕರಣ ನಮ್ಮಲ್ಲಿರಲಿಲ್ಲ. ಹಳೆಯ ಕ್ಯಾಮೆರಾ, 720 ನ್ಯಾನೋಮೀಟರಿನ ಕೆಳಗಿನ ಬೆಳಕನ್ನು ತಡೆಯುವ ಶೋಧಕ, ಮನೆಯ ಬಚ್ಚಲು, ಇವಿಷ್ಟೇ ನಮ್ಮ ಸಾಧನ.

ಫಿಲ್ಮನ್ನು ಮನೆಯಲ್ಲಿಯೇ ತೊಳೆಯಬೇಕಾದುದಕ್ಕೆ ಕಾರಣವುಂಟು. ಈ ಫಿಲ್ಮು ಉಷ್ಣಕ್ಕೆ ಬೇಗ ಮಬ್ಬಾಗುವುದು. ಸುರುಳಿಯನ್ನು ಪೂರ್ಣ ಕತ್ತಲಲ್ಲಿಯೇ ತುಂಬಿ ತೆಗೆಯಬೇಕು. ಟಪಾಲಿನಲ್ಲಿ ದೂರದ ಊರಿಗೆ ಕಳುಹಿಸಿದ ಒಂದು ಸುರುಳಿಯನ್ನು ಯಾರೋ ಬೆಳಕಿನಲ್ಲಿ ತೆರೆದು ಹಾಳುಮಾಡಿದ ಮೇಲೆ ನಾವು ಬೇರೆಯವರನ್ನು ನೆಚ್ಚುವುದನ್ನು ಬಿಟ್ಟೆವು.

ಆದರೆ ಡೆವಲಪರು ಬಯಸುವುದು 20 ಡಿಗ್ರಿ; ಮೇ ತಿಂಗಳ ಕಲಬುರಗಿಯ ಹಗಲು 40ನ್ನು ದಾಟುವುದು. 24 ಡಿಗ್ರಿ ಮೀರಿದರೆ ಜೆಲಟಿನ್ ಪದರವು ಉಬ್ಬಿ ಮೆತ್ತಗಾಗುವುದು. ಬಿಸಿ ದ್ರಾವಣದಿಂದ ತಣ್ಣೀರಿಗೆ ಒಮ್ಮೆಲೇ ಹಾಕಿದರೆ ಒಣಗಿದ ಕೆರೆಯಂಗಳದಂತೆ ಬಿರಿಯುವುದು. ಲೀಟರಿಗೆ 100 ಗ್ರಾಮಿನಷ್ಟು ಸೋಡಿಯಂ ಸಲ್ಫೇಟ್ ಸೇರಿಸಿ ಆ ಉಬ್ಬುವಿಕೆಯನ್ನು ತಡೆಯುವುದು ಉಷ್ಣವಲಯದ ಹಳೆಯ ಪದ್ಧತಿ. ನಾವು ಇನ್ನೂ ಹಳೆಯದಾದ ಉಪಾಯಕ್ಕೆ ಮೊರೆಹೋದೆವು. ಈ ಸೀಮೆಯ ಬಿಸಿಲು ಒಣಬಿಸಿಲಾದ್ದರಿಂದ ರಂಜಣಗಿಯ ನೀರು ಚೆನ್ನಾಗಿ ತಣಿಯುವುದು. ಒದ್ದೆ ಬಟ್ಟೆ ಸುತ್ತಿದ ಸೀಸೆಗಳನ್ನು ಅದರಲ್ಲಿಳಿಸಿ, ಬೆಳಗಿನ ಜಾವ 4 ಗಂಟೆಗೆ ಎದ್ದು ತೊಳೆದರೆ ಡೆವಲಪರು, ಹೈಪೋ, ತೊಳೆಯುವ ನೀರು ಮೂರೂ ಒಂದೇ ಮಟ್ಟದಲ್ಲಿ ಇರುವುವು. ಮಳೆಗಾಲದ ತೇವದಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು.

ಮನೆಯವರೊಬ್ಬರ ಪೆಟ್ಟಿಗೆಯಲ್ಲಿದ್ದ ಓಲೆಯೊಂದನ್ನು ಹೀಗೆ ಚಿತ್ರಿಸಿದಾಗ, ಬರಿಗಣ್ಣಿಗೆ ಕಾಣದಿದ್ದ ಸಾಲೊಂದು ಓದಲು ಬಂದಿತು. ಅದರಲ್ಲಿ ಒಂದು ಅಕ್ಷರದ ಮುಂದೆ ಸಣ್ಣ ಕಪ್ಪು ಚುಕ್ಕೆಯಿತ್ತು. ಅದನ್ನು ಸೊನ್ನೆಯೆಂದು ಓದಿ, ಪದದ ಅರ್ಥವನ್ನೇ ಬದಲಿಸಿ, ಎರಡು ದಿನ ಸಂತೋಷಪಟ್ಟೆವು. ಮತ್ತೊಂದು ನೆಗೆಟಿವಿನಲ್ಲಿ ಆ ಸೊನ್ನೆ ಇರಲಿಲ್ಲ. ತೊಟ್ಟಿಯನ್ನು ಸರಿಯಾಗಿ ತಟ್ಟದಿದ್ದುದರಿಂದ ಫಿಲ್ಮಿಗೆ ಅಂಟಿದ ಗಾಳಿಗುಳ್ಳೆಯು ಅಲ್ಲಿ ಡೆವಲಪರನ್ನು ತಡೆದಿತ್ತು. ನೆಗೆಟಿವಿನಲ್ಲಿ ತೆರಪಾದುದು ಮುದ್ರಣದಲ್ಲಿ ಕಪ್ಪಾಯಿತು. ಒಂದೇ ಚಿತ್ರವನ್ನು ತೆಗೆದಿದ್ದರೆ ಆ ಗುಳ್ಳೆಯು ಪಾಠಾಂತರವೆಂದು ಅಚ್ಚಾಗುತ್ತಿತ್ತು. ಇಂತಹ ಪಾಠಾಂತರಗಳು ಹಿಂದೆಂದೂ ಅಚ್ಚಾಗಿಲ್ಲವೆಂದು ಹೇಳಲು ನಮಗೆ ಧೈರ್ಯವಿಲ್ಲ.

ಕೊಡಾಕಿನ ಹೆಸರಾಂತ ಅವಕೆಂಪು ಫಿಲ್ಮು 2007ರಲ್ಲಿ ನಿಂತುಹೋಯಿತು. ಅದು ಸುಮಾರು 900 ನ್ಯಾನೋಮೀಟರಿನವರೆಗೂ ಕಾಣಬಲ್ಲುದಾಗಿತ್ತು. ಆಮೇಲೆ ಉಳಿದ ಫಿಲ್ಮುಗಳಲ್ಲಿ ಇಲ್ಫರ್ಡಿನದು 740ರ ಆಸುಪಾಸಿನಲ್ಲಿ ನಿಲ್ಲುವುದು, ರೋಲೈಯದು 820ರವರೆಗೆ ಹೋಗುವುದು. ಆದುದರಿಂದ ನಾವೀಗ ಪ್ರತಿ ಓಲೆಗೂ ಎರಡು ನೆಗೆಟಿವುಗಳನ್ನು ಬೇರೆ ಬೇರೆ ಸುರುಳಿಗಳಲ್ಲಿ ತೆಗೆದು, ಫಿಲ್ಮಿನ ಹೆಸರು, ಶೋಧಕ, ದ್ರಾವಣದ ಉಷ್ಣತೆ, ತೊಳೆದ ನಿಮಿಷಗಳು, ದಿನಾಂಕ ಇವನ್ನು ಲಕೋಟೆಯ ಮೇಲೆ ಸೀಸದಕಡ್ಡಿಯಿಂದ ಬರೆದಿಡುತ್ತಿದ್ದೇವೆ.