ಆಯುಧಧಾರಣೆ: ಹಾಸನ ಸೀಮೆಯ ಹೊಯ್ಸಳ ಶಿಲ್ಪದಲ್ಲಿ

ಮೂರ್ತಿಗಳು ಆಯುಧ ಹಿಡಿಯುವ ಕ್ರಮ ಕಾದಾಟಕ್ಕಿಂತ ಹೆಚ್ಚಾಗಿ ಗುರುತಿಗಾಗಿ ಎಂಬುದಕ್ಕೆ ಈ ಸೀಮೆಯ ಗುಡಿಗಳೇ ಸಾಕ್ಷಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಬೈಚೋಜ, ಮಲ್ಲಿತಮ್ಮರ ಉಳಿಯ ಕೆಲಸಕ್ಕೆ ಹೆಸರಾದದ್ದು. ಅದರ ಗರ್ಭಗುಡಿಗಳಲ್ಲೊಂದು ಕೇಶವನದು. ಶಂಖ, ಚಕ್ರ, ಗದೆ, ಪದ್ಮಗಳನ್ನು ನಾಲ್ಕು ಕೈಗಳಿಗೆ ಹಂಚುವ ಬಗೆ ಒಟ್ಟು 24. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳ ಹೆಸರು ನಿಂತಿರುವುದೇ ಈ ಹಂಚಿಕೆಯ ಮೇಲೆ. ಬಲ ಮೇಲ್ಗೈಯಲ್ಲಿ ಶಂಖ, ಎಡ ಮೇಲ್ಗೈಯಲ್ಲಿ ಚಕ್ರ, ಕೆಳಗೆ ಎಡಕ್ಕೆ ಗದೆ, ಬಲಕ್ಕೆ ಪದ್ಮವಿದ್ದರೆ ಅವನು ಕೇಶವ. ಚಕ್ರ ಬೆರಳುಗಳ ತುದಿಯಲ್ಲಿ ನೆಟ್ಟಗೆ ನಿಂತಿರುತ್ತದೆ; ಅದು ಎಸೆಯುವ ಹಿಡಿತವಲ್ಲ. ಇಂದಿನ ಗೇಮ್‌ಗಳ ಯೋಧರು ಆಳುದ್ದದ ಖಡ್ಗವನ್ನು ಬೆನ್ನಿಗೇರಿಸಿಕೊಳ್ಳುವುದೂ ಇದೇ ತರ್ಕದಿಂದ: ಹಿರಿಯಲು ತೋಳಿನ ಉದ್ದ ಸಾಲದಿದ್ದರೂ ಪಾತ್ರದ ಗುರುತು ದೂರದಿಂದಲೇ ಸಿಗುತ್ತದೆ.

ವೀರಗಲ್ಲುಗಳಲ್ಲಿ ಬಿಲ್ಲೆಳೆಯುವ, ಕತ್ತಿ ಬೀಸುವ, ಸೊಂಟಕ್ಕೆ ಬಾಕು ಸಿಕ್ಕಿಸಿದ ವೀರರಿದ್ದಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ವೀರಗಲ್ಲು ಒಬ್ಬನ ಸಾವಿನ ದಾಖಲೆ. ಅದರ ಕೆಳಗಿನ ಪಟ್ಟಿಕೆ ಕಾದಾಟವನ್ನು ಕಾದಾಟವಾಗಿಯೇ ತೋರಿಸಬೇಕು. ದೇವಮೂರ್ತಿಗೆ ಆ ಹೊಣೆಯಿಲ್ಲ. ಉಗ್ರನರಸಿಂಹನಲ್ಲಿ ಇದು ಎದ್ದು ಕಾಣುತ್ತದೆ: ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವುದು ಉಗುರು, ಶಂಖ ಚಕ್ರಗಳು ಮೇಲ್ಗೈಗಳಲ್ಲಿ ಅಲುಗದೆ ಇರುತ್ತವೆ.