ಏಕಾಂಗಿ ಸಮುದ್ರ ಕಯಾಕಿಂಗ್

ಏಕಾಂಗಿ ಸಮುದ್ರ ಕಯಾಕಿಂಗ್ ಎಂದರೆ ಒಬ್ಬನೇ ವ್ಯಕ್ತಿ, ಬೇರೆ ದೋಣಿಯ ನೆರವಿಲ್ಲದೆ, ಕಯಾಕ್ ಎಂಬ ಕಿರಿದಾದ ದೋಣಿಯಲ್ಲಿ ಹುಟ್ಟು ಹಾಕುತ್ತ ಕಡಲಿನ ಮೇಲೆ ಕೈಗೊಳ್ಳುವ ಯಾನ. ಬೆಳಗ್ಗೆ ಹೊರಟು ಕತ್ತಲಾಗುವ ಮೊದಲೇ ದಡ ಸೇರುವುದು ದಿನಯಾನ. ಪಳಗಿದವರು ಗಂಟೆಗೆ ಸುಮಾರು 5ರಿಂದ 7 ಕಿ.ಮೀ. ವೇಗದಲ್ಲಿ ಸಾಗುವುದರಿಂದ 30–40 ಕಿ.ಮೀ. ದೂರವನ್ನು ದೀರ್ಘ ದಿನಯಾನವೆಂದು ಪರಿಗಣಿಸಬಹುದು. ಶೀತಪ್ರದೇಶದ ಕಡಲುಗಳಲ್ಲಿ ಈ ಯಾನಿಕರಿಗೆ ಅಲೆಗಳಿಗಿಂತಲೂ ನೀರಿನ ತಣ್ಪೇ ದೊಡ್ಡ ಅಪಾಯವಾಗಿದೆ.

ಇತಿಹಾಸ

ಕಯಾಕ್ ಉತ್ತರ ಧ್ರುವದ ಸುತ್ತಲಿನ ಇನ್ಯೂಟ್, ಅಲ್ಯೂಟ್ ಮೊದಲಾದ ಜನಾಂಗಗಳ ಬೇಟೆದೋಣಿ. ತೇಲಿಬಂದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿಯುತ್ತಿದ್ದರು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸುತ್ತಿದ್ದ ತುಂಗಭದ್ರೆಯ ಹರಿಗೋಲಿನ ರಚನೆಯೂ ತತ್ತ್ವದಲ್ಲಿ ಇಂಥದೇ. ಆದರೆ ಹರಿಗೋಲು ದುಂಡಗೆ, ತೆರೆದುಕೊಂಡಿರುತ್ತದೆ. ಕಯಾಕ್ ನೀಳವಾಗಿ, ಕೂರುವ ಜಾಗವೊಂದನ್ನು ಬಿಟ್ಟು ಮೇಲೆಲ್ಲ ಮುಚ್ಚಿರುತ್ತದೆ. ಮಗುಚಿದ ದೋಣಿಯನ್ನು ಒಳಗೆ ಕುಳಿತಂತೆಯೇ ಹುಟ್ಟಿನ ಬಲದಿಂದ ಮತ್ತೆ ಮೇಲೆತ್ತುವ ವಿದ್ಯೆಯೂ ಆ ಬೇಟೆಗಾರರದೇ. ಇದನ್ನು 'ರೋಲ್' ಎನ್ನುತ್ತಾರೆ.

ಈ ವಿದ್ಯೆಯನ್ನು ಗ್ರೀನ್‌ಲ್ಯಾಂಡಿನ ಜನರಿಂದ ಕಲಿತ ಹೊರಗಿನವರಲ್ಲಿ ಬ್ರಿಟಿಷ್ ಅನ್ವೇಷಕ ಗೀನೋ ವಾಟ್ಕಿನ್ಸ್ ಪ್ರಮುಖರು. 1932ರ ಆಗಸ್ಟ್ 20ರಂದು ಅವರು ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಸೀಲ್ ಬೇಟೆಗೆಂದು ಒಬ್ಬರೇ ಹೊರಟರು. ಬಳಿಕ ಅವರ ಕಯಾಕ್ ಸಿಕ್ಕಿತು, ದೇಹ ಸಿಗಲಿಲ್ಲ. ಆಗ ಅವರ ವಯಸ್ಸು 25. ಅದೇ ವರ್ಷ ಜರ್ಮನಿಯ ಆಸ್ಕರ್ ಸ್ಪೆಕ್ ಮಡಿಸುವ ಕಯಾಕಿನಲ್ಲಿ ಡ್ಯಾನ್ಯೂಬ್ ನದಿಗಿಳಿದರು. 1935ರಲ್ಲಿ ಭಾರತದ ಪಶ್ಚಿಮ ಕರಾವಳಿಯಗುಂಟ ಸಾಗಿ ಸಿಲೋನ್ ಸೇರಿದ ಅವರು, 1939ರಲ್ಲಿ ಆಸ್ಟ್ರೇಲಿಯದ ಗಡಿ ಮುಟ್ಟಿದಾಗ ಎರಡನೆಯ ಮಹಾಯುದ್ಧ ಆರಂಭವಾಗಿದ್ದುದರಿಂದ ಸೆರೆಗೊಳಗಾದರು.

ತಣ್ಣೀರಿನ ಪರಿಣಾಮ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶರೀರದ ಶಾಖವನ್ನು ಸೆಳೆದುಕೊಳ್ಳುತ್ತದೆ. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ನೀರಿಗೆ ಹಠಾತ್ತನೆ ಬಿದ್ದವರು ತಮಗರಿವಿಲ್ಲದೆಯೇ ಏದುಸಿರು ಬಿಡುತ್ತಾರೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಈಜು ಬಲ್ಲವರೂ ಮುಳುಗಬಹುದು. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು '1-10-1' ಎಂಬ ಸೂತ್ರವಾಗಿ ಹೇಳಿದ್ದಾರೆ: ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲುಗಳು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಶೀತದಿಂದ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ.

ಜೊತೆಗಾರರಿದ್ದರೆ ಮಗುಚಿದ ದೋಣಿಯನ್ನು ಅವರು ಹಿಡಿದು ನಿಲ್ಲಿಸುತ್ತಾರೆ. ಒಂಟಿ ಯಾನಿಕ ಆ 10 ನಿಮಿಷಗಳೊಳಗೆ, ಬೆರಳುಗಳು ಮರಗಟ್ಟುವ ಮೊದಲೇ, ತಾನೇ ದೋಣಿಯನ್ನೇರಿ ನೀರನ್ನು ಹೊರಹಾಕಬೇಕು. ಆದ್ದರಿಂದ ಗಾಳಿಯ ಉಷ್ಣತೆಗೆ ತಕ್ಕಂತೆ ಉಡುಪು ಧರಿಸದೆ, ನೀರಿನ ಉಷ್ಣತೆಗೆ ತಕ್ಕಂತೆ ಧರಿಸಬೇಕೆಂಬುದು ಈ ಕ್ಷೇತ್ರದ ಮೊದಲ ನಿಯಮ. ಬಿಸಿಲಿದ್ದರೂ ನೀರು ತಣ್ಣಗಿರುವ ವಸಂತದ ದಿನಗಳಲ್ಲಿ ಈ ನಿಯಮವನ್ನು ಮರೆಯುವ ಸಂಭವ ಹೆಚ್ಚು.

ಸಲಕರಣೆ ಮತ್ತು ಸಿದ್ಧತೆ

ಸಮುದ್ರ ಕಯಾಕ್ ಸಾಮಾನ್ಯವಾಗಿ 5 ಮೀಟರ್ ಉದ್ದ, 50–60 ಸೆಂ.ಮೀ. ಅಗಲವಿರುತ್ತದೆ. ಮುಂದೆ ಹಿಂದೆ ನೀರು ನುಗ್ಗದ ಕೋಣೆಗಳಿರುವುದರಿಂದ ಮಗುಚಿದರೂ ಮುಳುಗದೆ ತೇಲುತ್ತದೆ. ಲೈಫ್ ಜಾಕೆಟ್, ನೀರು ಒಳಸೇರದ ಡ್ರೈ ಸೂಟ್, ಕೂರುವ ಬಾಯಿಯನ್ನು ಮುಚ್ಚುವ ಹೊದಿಕೆ, ನೀರೆತ್ತುವ ಕೈಪಂಪು, ಹೆಚ್ಚುವರಿ ಹುಟ್ಟು, ದಿಕ್ಸೂಚಿ, ಸೀಟಿ ಮತ್ತು ಬಿಸಿ ಪಾನೀಯ ಅಗತ್ಯ. ಸಹಾಯ ಕೋರುವ ರೇಡಿಯೊ ದೋಣಿಯಲ್ಲಿರದೆ ಮೈಮೇಲೆಯೇ ಇರಬೇಕು. ದೋಣಿ ಕೈತಪ್ಪಿದರೆ ಅದರೊಳಗಿನ ಸಲಕರಣೆಯೂ ಕೈತಪ್ಪುತ್ತದೆ.

ಹೊರಡುವ ಮೊದಲು ಗಾಳಿ, ಉಬ್ಬರವಿಳಿತ ಹಾಗೂ ಹಗಲಿನ ಅವಧಿಯನ್ನು ಲೆಕ್ಕ ಹಾಕಬೇಕು. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ 11 ಗಂಟೆಗೂ ಹೆಚ್ಚು ಹಗಲಿದ್ದರೆ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸುಮಾರು 7 ಗಂಟೆ ಮಾತ್ರ. ಮಾರ್ಗವನ್ನೂ ಮರಳುವ ವೇಳೆಯನ್ನೂ ದಡದಲ್ಲಿರುವ ಒಬ್ಬರಿಗೆ ತಿಳಿಸಿರಬೇಕು. ಎಷ್ಟು ಹೊತ್ತಿಗೆ, ಎಲ್ಲಿಂದ ಹಿಂದಿರುಗಬೇಕೆಂಬುದನ್ನು ದಡದಲ್ಲಿದ್ದಾಗಲೇ ನಿರ್ಧರಿಸಿಕೊಳ್ಳುವುದು ಒಳಿತು. ದಣಿವು ಮತ್ತು ಚಳಿ ವಿವೇಚನೆಯನ್ನು ಕುಂದಿಸುತ್ತವೆ.

ಕರ್ನಾಟಕದಲ್ಲಿ

ಅರಬ್ಬೀ ಸಮುದ್ರದ ಮೇಲ್ಮೈ ನೀರು ಕರ್ನಾಟಕದ ಕರಾವಳಿಯಲ್ಲಿ ಬಹುಪಾಲು 26ರಿಂದ 30 ಡಿಗ್ರಿಯಷ್ಟು ಬೆಚ್ಚಗಿರುವುದರಿಂದ ಇಲ್ಲಿ ತಣ್ಣೀರಿನ ಆಘಾತದ ಭಯವಿಲ್ಲ. ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಚಳಿಗಾಲವೇ ಇಲ್ಲಿ ಕಯಾಕಿಂಗ್‌ಗೆ ಯೋಗ್ಯ ಕಾಲ. 2016–17ರ ಚಳಿಗಾಲದಲ್ಲಿ ಕೌಸ್ತುಭ್ ಖಾಡೆ ಗುಜರಾತಿನಿಂದ ಕನ್ಯಾಕುಮಾರಿಯವರೆಗೆ ಕಯಾಕಿನಲ್ಲಿ ಸಾಗಿದಾಗ ಈ ಕರಾವಳಿಯನ್ನೂ ಹಾದುಹೋದರು. ಮುಂಜಾನೆ ನೆಲದಿಂದ ಕಡಲಿನತ್ತ ಬೀಸುವ ಗಾಳಿ, ಮಧ್ಯಾಹ್ನ ಎದುರಾಗುವ ಕಡಲಗಾಳಿ, ಅಳಿವೆಗಳಲ್ಲಿ ನದಿಯ ಸೆಳೆತಕ್ಕೆ ಎದುರಾಗಿ ಏಳುವ ಅಲೆಗಳು, ಬಿಸಿಲು ಮತ್ತು ನಿರ್ಜಲೀಕರಣ ಇಲ್ಲಿನ ಅಪಾಯಗಳು. ಆಪತ್ತಿನಲ್ಲಿ ಭಾರತೀಯ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು.

ಹೊನ್ನಾವರದ ಶರಾವತಿ ಹಿನ್ನೀರು, ಸಾಲಿಗ್ರಾಮದ ಬಳಿಯ ಸೀತಾ ನದಿಯ ಕಾಂಡ್ಲಾ ಕಾಡುಗಳು ಕಯಾಕಿಂಗ್‌ಗೆ ಹೆಸರಾಗಿವೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಕೆಂಗೇರಿ ಭಾಗದವರಿಗೆ ಮಾಗಡಿ ತಾಲ್ಲೂಕಿನಲ್ಲಿ ಅರ್ಕಾವತಿ ನದಿಗೆ ಕಟ್ಟಿದ ಮಂಚನಬೆಲೆ ಜಲಾಶಯವು ಹತ್ತಿರದ ಕಯಾಕಿಂಗ್ ತಾಣ. ಇಂಥ ನಿಂತ ನೀರಿನಲ್ಲಿ ಹುಟ್ಟು ಹಾಕುವುದನ್ನೂ ಮಗುಚಿದ ದೋಣಿಯನ್ನು ಮತ್ತೆ ಏರುವುದನ್ನೂ ತರಬೇತುದಾರರ ಸಮ್ಮುಖದಲ್ಲಿ ಕಲಿಯಬಹುದು. ಉಬ್ಬರವಿಳಿತ ಮತ್ತು ಅಲೆಗಳ ಅನುಭವವನ್ನು ಮಾತ್ರ ಕಡಲಿನಲ್ಲಿಯೇ, ಮೊದಲು ಜೊತೆಗಾರರೊಂದಿಗೆ, ಪಡೆಯಬೇಕಾಗುತ್ತದೆ.