ಒಬ್ಬರೇ ಆಡುವ ಇಸ್ಪೀಟು: ಹದಿಮೂರರ ಜೋಡಿ, ತಾಳ್ಮೆಯ ಆಟ

ವಿಮಾನಪುರದ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವರ್ಷಗಟ್ಟಲೆ ಅವರ ಮನೆಯ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರ ಇಸ್ಪೀಟು ನಡೆಯುತ್ತಿತ್ತು. ಒಬ್ಬರು ಮಗನ ಊರಿಗೆ ಹೊರಟುಹೋದರು, ಇಬ್ಬರು ತೀರಿಕೊಂಡರು. ಎಲೆಗಳ ಕಟ್ಟು ಮಾತ್ರ ಉಳಿಯಿತು. ಈಗ ಅವರು ಅದೇ ಕಟ್ಟನ್ನು ಕಲಸಿ, ಚಾಪೆಯ ಮೇಲೆ ಗೋಪುರದಂತೆ ಜೋಡಿಸಿ, ಒಬ್ಬರೇ ಆಡುತ್ತಾರೆ. ನನಗೆ ಈ ಆಟ ಕಲಿಸಿದವರೂ ಅವರೇ.

ಇಸ್ಪೀಟು ಎಂದರೆ ನಮ್ಮಲ್ಲಿ ಜನ ಸೇರಬೇಕು. ಮದುವೆ ಮನೆಯ ರಾತ್ರಿಯಿರಲಿ, ದೂರದ ರೈಲು ಪ್ರಯಾಣವಿರಲಿ, ಎಲೆ ಹಂಚಲು ಎದುರಿಗೆ ಇನ್ನೊಬ್ಬರು ಬೇಕು. ಹಣ ಕಟ್ಟುವ ಚಟದ ಭಯದಿಂದ ಮನೆಯ ಹಿರಿಯರು ಗದರುತ್ತಿದ್ದುದೂ ಉಂಟು. ಹೀಗಿರುವಾಗ ಎದುರಾಳಿಯೂ ಇಲ್ಲದ, ಪಣವೂ ಇಲ್ಲದ ಒಂಟಿ ಆಟ ಎಲ್ಲಿಂದ ಬಂತು? ಅದನ್ನು ಆಡಿದವರಾದರೂ ಯಾರು?

ಕಾಯುವವರ ಆಟ

ಒಂಟಿ ಆಟದ ಕಲ್ಪನೆ ನಮಗೆ ಹೊಸದೇನಲ್ಲ. ಕರಾವಳಿಯ ಚೆನ್ನೆಮಣೆಯಲ್ಲಿ ಒಬ್ಬರೇ ಆಡುವ ಒಂದು ಬಗೆಗೆ ಸೀತೆಯಾಟ ಎಂದು ಹೆಸರು. ಅಶೋಕವನದಲ್ಲಿ ರಾಮನಿಗಾಗಿ ಕಾಯುತ್ತ ಸೀತೆ ಈ ಆಟ ಆಡುತ್ತಿದ್ದಳು ಎಂಬುದು ಜನಪದರ ನಂಬಿಕೆ. ಸೆರೆಯಲ್ಲಿ ಕುಳಿತವಳಿಗೆ ಎದುರಾಳಿ ಎಲ್ಲಿಂದ ಬರಬೇಕು?

ಯುರೋಪಿನಲ್ಲಿ ಎಲೆಗಳ ಒಂಟಿ ಆಟಕ್ಕೆ ಬಿದ್ದ ಹೆಸರು 'ಪೇಷೆನ್ಸ್', ಅಂದರೆ ತಾಳ್ಮೆ. ಅಮೆರಿಕದಲ್ಲಿ ಅದು 'ಸಾಲಿಟೇರ್' ಆಯಿತು. ೧೮ನೇ ಶತಮಾನದ ಕೊನೆಯ ದಶಕಗಳ ಜರ್ಮನ್ ಆಟದ ಪುಸ್ತಕದಲ್ಲಿ ಇದರ ಪ್ರಸ್ತಾಪ ಕಾಣಿಸುತ್ತದೆ. ೧೮೭೦ರ ಸುಮಾರಿಗೆ ಲೇಡಿ ಅಡಿಲೇಡ್ ಕಡೋಗನ್ ಎಂಬಾಕೆ ಇಂಥ ಆಟಗಳ ಚಿತ್ರಸಹಿತ ಕೈಪಿಡಿಯನ್ನೇ ಇಂಗ್ಲಿಷಿನಲ್ಲಿ ಹೊರತಂದಳು. ೧೮೧೫ರಿಂದ ೧೮೨೧ರವರೆಗೆ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಗಿದ್ದ ನೆಪೋಲಿಯನ್ ಇದನ್ನೇ ಆಡಿ ಕಾಲ ಕಳೆದನೆಂಬ ಕಥೆಯೂ ಪ್ರಚಾರದಲ್ಲಿದೆ. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಆದರೂ ಹಲವು ಪೇಷೆನ್ಸ್ ಆಟಗಳು ಅವನ ಹೆಸರನ್ನೇ ಹೊತ್ತಿವೆ. ಸೀತೆಯ ಕಥೆಯಂತೆ ಇದೂ ಸೆರೆಯ ಕಥೆಯೇ ಎಂಬುದು ಗಮನಾರ್ಹ.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ, ದಾಖಲೆಯುಳ್ಳ ಉದಾಹರಣೆ ಮುಮ್ಮಡಿ ಕೃಷ್ಣರಾಜ ಒಡೆಯರದು. ೧೮೩೧ರಲ್ಲಿ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ಅವರಿಂದ ಕಿತ್ತುಕೊಂಡಿತು. ಕಮಿಷನರ ಆಡಳಿತದ ಕೇಂದ್ರ ದಂಡು ಬೀಡುಬಿಟ್ಟಿದ್ದ ಬೆಂಗಳೂರಾಯಿತು. ಅರಸರು ಮೈಸೂರಿನ ಅರಮನೆಯಲ್ಲಿ ಅಧಿಕಾರವಿಲ್ಲದೆ ಉಳಿದರು. ಅಲ್ಲಿಂದ ೧೮೬೮ರಲ್ಲಿ ತೀರಿಕೊಳ್ಳುವವರೆಗಿನ ೩೭ ವರ್ಷ ಅವರು ರಾಜ್ಯ ಮರಳಿಸಿರೆಂದು ಮನವಿ ಸಲ್ಲಿಸುತ್ತ, ಕಾಯುತ್ತ ಕಳೆದರು. ಜೊತೆಗೆ ಆಟಗಳನ್ನು ಕಟ್ಟಿದರು.

ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ, ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಮಣೆಯಾಟಗಳೂ 'ಚದ' ಎಂಬ ಎಲೆಯಾಟಗಳೂ ವರ್ಣಿತವಾಗಿವೆ. ಬಾಬರನ ಕಾಲದಲ್ಲೇ ಭಾರತಕ್ಕೆ ಪರಿಚಿತವಾಗಿದ್ದ ಗಂಜೀಫದಲ್ಲಿ ೯೬ ಎಲೆ, ದಶಾವತಾರ ಗಂಜೀಫದಲ್ಲಿ ೧೨೦. ಮುಮ್ಮಡಿಯವರ ಕಲ್ಪನೆ ೩೬೦ ಎಲೆಗಳವರೆಗೆ ಬೆಳೆಯಿತು. ಇವು ಜೊತೆಗಾರರೊಡನೆ ಆಡುವಂಥವು. ಆದರೆ ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿ ಒಂದೊಂದಕ್ಕೂ ಒಮ್ಮೆ ಮಾತ್ರ ಇಳಿಸುತ್ತ ಇಡೀ ಮಣೆ ಸುತ್ತಿಸುವ ಸಮಸ್ಯೆಗೂ ಅವರು ಬಿಡಿಸಿದ ಉತ್ತರಗಳಿವೆ. ಅದಕ್ಕೆ ಎದುರಾಳಿ ಬೇಕಿಲ್ಲ. ಮಣೆಯ ಮುಂದೆ ಒಬ್ಬರೇ ಕುಳಿತು ದಾರಿ ಹುಡುಕಬೇಕು. ಅರಸರ ಕಾಯುವಿಕೆ ವ್ಯರ್ಥವಾಗಲಿಲ್ಲ. ಅವರು ಹೋದ ಮೇಲೆ, ೧೮೮೧ರಲ್ಲಿ, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು.

ಆಡುವ ಬಗೆ

ಇನ್ನು ನಮ್ಮ ಬೀದಿಯ ಹಿರಿಯರು ಕಲಿಸಿದ ಆಟಕ್ಕೆ ಬರೋಣ. ಇದರ ಹೆಸರು ಪಿರಮಿಡ್. ಬೇಕಾದುದು ಜೋಕರ್ ತೆಗೆದಿಟ್ಟ ೫೨ ಎಲೆಗಳ ಒಂದು ಕಟ್ಟು, ಸ್ವಲ್ಪ ಜಾಗ, ಅರ್ಧ ಗಂಟೆ.

ಎಲೆಗಳನ್ನು ಚೆನ್ನಾಗಿ ಕಲಸಿ, ಮುಖ ಕಾಣುವಂತೆ ಮೇಲೆ ಒಂದನ್ನು ಇಡಬೇಕು. ಅದರ ಕೆಳಗೆ ಎರಡು, ಆಮೇಲೆ ಮೂರು, ಹೀಗೆ ಏಳನೆಯ ಸಾಲಿಗೆ ಏಳು. ಒಟ್ಟು ೨೮ ಎಲೆ. ಪ್ರತಿಯೊಂದು ಸಾಲೂ ತನ್ನ ಮೇಲಿನ ಸಾಲನ್ನು ಅರ್ಧ ಮುಚ್ಚಿರಬೇಕು. ಅಂದರೆ ಒಂದೊಂದು ಎಲೆಯ ಮೇಲೂ ಎರಡೆರಡು ಎಲೆಗಳ ಭಾರ. ಕೊನೆಯ ಸಾಲಿನ ಏಳು ಮಾತ್ರ ಬಿಡುವಾಗಿರುತ್ತವೆ. ಉಳಿದ ೨೪ ಎಲೆ ಮುಖ ಕೆಳಗಾಗಿ ಕೈಯಲ್ಲಿ.

ನಿಯಮ ಒಂದೇ: ಬಿಡುವಾಗಿರುವ ಎರಡು ಎಲೆ ಕೂಡಿದರೆ ಹದಿಮೂರಾಗಬೇಕು. ಎಕ್ಕಕ್ಕೆ ೧, ಗುಲಾಮನಿಗೆ ೧೧, ರಾಣಿಗೆ ೧೨. ಆದ್ದರಿಂದ ರಾಣಿಗೆ ಎಕ್ಕ ಜೋಡಿ, ಗುಲಾಮನಿಗೆ ಎರಡು, ಹತ್ತಕ್ಕೆ ಮೂರು, ಒಂಬತ್ತಕ್ಕೆ ನಾಲ್ಕು, ಎಂಟಕ್ಕೆ ಐದು, ಏಳಕ್ಕೆ ಆರು. ರಾಜನೊಬ್ಬನೇ ಹದಿಮೂರು. ಅವನಿಗೆ ಜೋಡಿ ಬೇಡ, ಬಿಡುವಾದೊಡನೆ ತೆಗೆಯಬಹುದು. ಇಸ್ಪೀಟು, ಆಟೀನು, ಡೈಮಂಡು, ಕಳಾವರ ಎಂಬ ಭೇದ ಇಲ್ಲಿಲ್ಲ. ಲೆಕ್ಕ ಹಾಕಿದರೆ ೨೪ ಜೋಡಿ, ನಾಲ್ವರು ರಾಜರು, ಸರಿಯಾಗಿ ೫೨.

ಗೋಪುರದಲ್ಲಿ ಜೋಡಿ ಸಿಗದಿದ್ದಾಗ ಕೈಯ ಎಲೆಗಳನ್ನು ಒಂದೊಂದಾಗಿ ತಿರುಗಿಸಬೇಕು. ತಿರುಗಿಸಿದ ಎಲೆಗೆ ಗೋಪುರದ ಬಿಡುವಾದ ಎಲೆಯೊಡನೆ ಹದಿಮೂರಾದರೆ ಎರಡನ್ನೂ ತೆಗೆಯಬಹುದು. ಹೊಸದಾಗಿ ತಿರುಗಿಸಿದ್ದಕ್ಕೂ ಅದರ ಹಿಂದಿನದಕ್ಕೂ ಹದಿಮೂರಾದರೂ ಸರಿ. ಕಟ್ಟುನಿಟ್ಟಿನವರು ಕೈಯ ಕಟ್ಟನ್ನು ಒಂದೇ ಸುತ್ತು ತಿರುಗಿಸುತ್ತಾರೆ. ಕಲಿಯುವವರು ಮೂರು ಸುತ್ತು ಇಟ್ಟುಕೊಳ್ಳಬಹುದು. ಗೋಪುರ ಪೂರ್ತಿ ಕರಗಿದರೆ ಗೆದ್ದಂತೆ.

ಹೊಸಬರ ಮೊದಲ ತಪ್ಪು ಅವಸರ. ಉದಾಹರಣೆಗೆ ಕೈಯಿಂದ ನಾಲ್ಕು ಬಂತು, ಗೋಪುರದಲ್ಲಿ ಎರಡು ಒಂಬತ್ತುಗಳು ಬಿಡುವಾಗಿವೆ ಎನ್ನೋಣ. ಕಣ್ಣಿಗೆ ಮೊದಲು ಬಿದ್ದದ್ದನ್ನು ತೆಗೆಯುವವರು ಸೋಲುತ್ತಾರೆ. ಯಾವ ಒಂಬತ್ತು ಹೋದರೆ ಅದರ ಮೇಲಿನ ಸಾಲಿನ ಎಲೆ ಬಿಡುಗಡೆಯಾಗುತ್ತದೆ ಎಂದು ನೋಡಿ ಕೈಹಾಕಬೇಕು. ಗೋಪುರದೊಳಗೇ ಸಿಗುವ ಜೋಡಿಗೆ ಸಾಮಾನ್ಯವಾಗಿ ಮೊದಲ ಮನ್ನಣೆ. ಒಂದೇ ಏಟಿಗೆ ಎರಡು ಎಲೆ ಕಳೆಯುತ್ತವಲ್ಲ!

ಗೆಲ್ಲಲಾಗದ ಹಂಚಿಕೆ

ಎಷ್ಟೇ ಜಾಣತನದಿಂದ ಆಡಿದರೂ ಕೆಲವೊಮ್ಮೆ ಗೋಪುರ ಕರಗುವುದೇ ಇಲ್ಲ. ಕೊನೆಯ ಸಾಲಿನಲ್ಲಿ ಒಂದು ಎಂಟು ಇದೆ, ನಾಲ್ಕೂ ಐದುಗಳು ಅದರ ಹಿಂದೆಯೇ ಸಿಕ್ಕಿಕೊಂಡಿವೆ ಎನ್ನೋಣ. ಐದು ಹೊರಬರಬೇಕಾದರೆ ಎಂಟು ಹೋಗಬೇಕು. ಎಂಟು ಹೋಗಬೇಕಾದರೆ ಐದು ಬೇಕು. ಮೊದಲ ಎಲೆ ಎತ್ತುವ ಮೊದಲೇ ಆ ಆಟ ಮುಗಿದಿರುತ್ತದೆ. ಇಲ್ಲಿ ಸೋತದ್ದು ಆಟಗಾರನಲ್ಲ, ಹಂಚಿಕೆ. ಎಲೆಗಳ ಮುಖ ಕಾಣುವುದರಿಂದ ಇದನ್ನು ಮೊದಲೇ ಗುರುತಿಸಲೂ ಸಾಧ್ಯ.

ಹಾಗಾದರೆ ನೂರು ಹಂಚಿಕೆಗಳಲ್ಲಿ ಗೆಲ್ಲಬಹುದಾದವು ಎಷ್ಟು? ಇಂಥದೇ ಪ್ರಶ್ನೆ ಒಬ್ಬ ಗಣಿತಜ್ಞನನ್ನು ಕಾಡಿತ್ತು. ೧೯೪೬ರಲ್ಲಿ ಸ್ಟಾನಿಸ್ಲಾ ಉಲಾಮ್ ಅಮೆರಿಕದಲ್ಲಿ ಮಿದುಳಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಕಾನ್‌ಫೀಲ್ಡ್ ಎಂಬ ಒಂಟಿ ಆಟ ಆಡುತ್ತಿದ್ದರು. ಗೆಲುವಿನ ಸಾಧ್ಯತೆಯನ್ನು ಸೂತ್ರದಿಂದ ಹುಡುಕಲು ಹೋಗಿ ಬೇಸತ್ತು, ನೂರು ಸಲ ಹಂಚಿ ಎಷ್ಟು ಗೆದ್ದೆವೆಂದು ಎಣಿಸಿದರೆ ಸಾಲದೆ ಎಂದು ಯೋಚಿಸಿದರು. ಆ ಯೋಚನೆಯನ್ನು ಜಾನ್ ವಾನ್ ನಾಯ್ಮನ್‌ಗೆ ತಿಳಿಸಿದರು. ಅದೇ ಗಣಕಯಂತ್ರದ ಮೇಲೆ 'ಮಾಂಟೆ ಕಾರ್ಲೊ ವಿಧಾನ'ವಾಗಿ ಬೆಳೆಯಿತು. ಅಣುಭೌತಶಾಸ್ತ್ರದಿಂದ ಹಿಡಿದು ಎಂಜಿನಿಯರಿಂಗ್‌ವರೆಗೆ ಇಂದು ಅದರ ಬಳಕೆಯಿದೆ. ಇಲ್ಲಿಯೂ ಆಟ ಹುಟ್ಟಿಸಿದ್ದು ಹಾಸಿಗೆ ಹಿಡಿದು ಕಾಯುತ್ತಿದ್ದವನ ಕೈಯಲ್ಲಿನ ಎಲೆಗಳೇ.

೧೯೯೦ರಲ್ಲಿ ವಿಂಡೋಸ್ ೩.೦ ಜೊತೆಗೆ ಸಾಲಿಟೇರ್ ಬಂದಾಗ ಆಟ ಕಚೇರಿಯ ಮೇಜಿಗೇ ಏರಿತು. ವೆಸ್ ಚೆರ್ರಿ ಎಂಬ ಯುವಕ ಬರೆದ ಆ ಆಟ, ಎಲೆಗಳನ್ನು ಎಳೆದು ಇಡಿಸುತ್ತಲೇ ಜನರಿಗೆ ಮೌಸ್ ಹಿಡಿಯುವುದನ್ನೂ ರೂಢಿ ಮಾಡಿಸಿತು. ಈಗ ಪಿರಮಿಡ್ ಮೊಬೈಲಿನಲ್ಲೂ ಸಿಗುತ್ತದೆ. ಆದರೆ ಅಲ್ಲಿ ಎಲೆ ಕಲಸುವ ಸದ್ದಿಲ್ಲ, ಸೋತ ಗೋಪುರವನ್ನು ಕೈಯಾರೆ ಮಡಿಸುವ ನಿಧಾನವೂ ಇಲ್ಲ.

ನಮ್ಮ ಬೀದಿಯ ಹಿರಿಯರಿಗೆ ಆ ನಿಧಾನವೇ ಬೇಕು. ಗೆದ್ದ ಸಂಜೆಗಳು ಕಡಿಮೆ. ಬೀಗ ಬಿದ್ದ ಹಂಚಿಕೆಯೆಂದು ಗೊತ್ತಾದರೆ ಬೇಸರಪಡದೆ ಎಲೆ ಒಟ್ಟುಮಾಡಿ ಮತ್ತೆ ಕಲಸುತ್ತಾರೆ. ಕಳೆದ ಭಾನುವಾರ ನಾನು ಹೋದಾಗ ಅವರ ಮುಂದೆ ಗೋಪುರ ಅರ್ಧ ಕರಗಿತ್ತು. ಇನ್ನೆರಡು ಜೋಡಿ ತೆಗೆದಿದ್ದರೆ ಗೆಲ್ಲುತ್ತಿದ್ದರೋ ಏನೋ. ನನ್ನನ್ನು ಕಂಡವರೇ ಅಷ್ಟನ್ನೂ ಒಟ್ಟುಗೂಡಿಸಿ, ಕಲಸಿ, ಇಬ್ಬರಿಗೆ ಎಲೆ ಹಂಚಿದರು.